ಹುಬ್ಬಳ್ಳಿ ಜಂಕ್ಷನ್ ಬೇಡ, ಐದು ವ್ಯಾಗನ್‌ಗಳ ಸೈಡಿಂಗ್ ಸಾಕು

ಪ್ರಶ್ನೆ: ನನಗೆ ನಲವತ್ತಾರು ವರ್ಷ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ವಾಸ, ಬ್ಯಾಂಕಿನಲ್ಲಿ ಕೆಲಸ. ಚಿಕ್ಕಂದಿನಿಂದಲೂ ಯಂತ್ರದ ಆಟಿಕೆಗಳೆಂದರೆ ಹುಚ್ಚು. ಈಚಿನ ವರ್ಷಗಳಲ್ಲಿ ಡ್ರೋನ್, ರಿಮೋಟ್ ಕಾರು, 3ಡಿ ಪ್ರಿಂಟರ್, ಪ್ಲಾಸ್ಟಿಕ್ ವಿಮಾನದ ಕಿಟ್‌ಗಳು ಎಂದು ಕೊಳ್ಳುತ್ತಲೇ ಬಂದೆ. ಹೆಚ್ಚಿನವು ಮಲಗುವ ಕೋಣೆಯ ಅಲ್ಮಾರಿ ಸೇರಿವೆ. ಡ್ರೋನ್ ಬ್ಯಾಟರಿ ಸ್ವಲ್ಪ ಉಬ್ಬಿದೆ. ಈಗ ಮಾದರಿ ರೈಲಿನ ಮೇಲೆ ಮನಸ್ಸು ಹೋಗಿದೆ. ನಮ್ಮ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದರು. ಹುಬ್ಬಳ್ಳಿ ಜಂಕ್ಷನ್ನನ್ನೇ ಮಾದರಿಯಾಗಿ ಕಟ್ಟಬೇಕೆಂಬ ಆಸೆ. ಹೆಂಡತಿ 'ಇನ್ನೆಷ್ಟು ಆಟಿಕೆ' ಎನ್ನುತ್ತಾಳೆ, ಪಿಯುಸಿ ಓದುವ ಮಗ ನಗುತ್ತಾನೆ. ಈ ವಯಸ್ಸಿಗೆ ಇದು ಸರಿಯೇ? ಸರಿಯಾದರೆ ಯಾವ ಅಳತೆಯಲ್ಲಿ, ಎಷ್ಟು ದುಡ್ಡಿನಲ್ಲಿ ಶುರು ಮಾಡಲಿ?

ಉತ್ತರ: ಮೊದಲು ಬ್ಯಾಟರಿಯ ಮಾತು, ರೈಲು ಆಮೇಲೆ. ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಆ ಉಬ್ಬಿದ ಬ್ಯಾಟರಿಯನ್ನು ಅಲ್ಮಾರಿಯಿಂದ ಹೊರಗೆ ತೆಗೆಯಿರಿ. ಡ್ರೋನ್‌ಗಳಲ್ಲಿ ಇರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಒಳಗಿನ ರಾಸಾಯನಿಕ ಕೆಟ್ಟು ಅನಿಲವಾದಾಗ ಅದರ ಚೀಲ ಉಬ್ಬುತ್ತದೆ. ಅಂಥದ್ದು ಬಟ್ಟೆಬರೆಯ ನಡುವೆ ಹೊತ್ತಿಕೊಂಡರೆ ಕೋಣೆ ಉಳಿಯುವುದಿಲ್ಲ. ಒತ್ತಬೇಡಿ, ಚುಚ್ಚಬೇಡಿ, 'ಇನ್ನೊಂದು ಸಲ ನೋಡೋಣ' ಎಂದು ಚಾರ್ಜ್ ಮಾಡಬೇಡಿ. ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಬಿಗಿ ಮಾಡದೆ, ಮನೆಯ ಹೊರಗೆ ಬಿಸಿಲು ಮಳೆ ತಾಗದ ಕಡೆ ಇಡಿ. ಆದಷ್ಟು ಬೇಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ. ಈ ಬಗೆಯ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಬಳಸದೆ ಇಡುವುದಾದರೆ ಸೆಲ್‌ಗೆ 3.8 ವೋಲ್ಟ್ ಆಸುಪಾಸಿಗೆ ಇಳಿಸಿ ಇಡಬೇಕು. ಹಾರಿಸದ ಡ್ರೋನ್‌ನ ಬ್ಯಾಟರಿ ಕೆಡುವುದಕ್ಕೆ ಸಾಮಾನ್ಯ ಕಾರಣ ತುಂಬು ಚಾರ್ಜ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದು.

ಈಗ ವಯಸ್ಸಿನ ಪ್ರಶ್ನೆ. ಮಾದರಿ ರೈಲು ದೊಡ್ಡವರದೇ ಹವ್ಯಾಸ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಮ್ಮ ರೈಲ್ವೆಯ ತರಬೇತಿ ಶಾಲೆಗಳಲ್ಲಿ ಮಾಡೆಲ್ ರೂಮ್ ಎಂಬ ಕೋಣೆ ಇರುತ್ತದೆ. ಅಲ್ಲಿ ಪುಟ್ಟ ಹಳಿ, ಪುಟ್ಟ ಸಿಗ್ನಲ್‌ಗಳ ಮೇಲೆ ಕೈ ಪಳಗಿಸಿಕೊಂಡ ಮೇಲೆಯೇ ಸ್ಟೇಷನ್ ಮಾಸ್ಟರ್‌ಗಳು ನಿಜವಾದ ರೈಲುಗಳನ್ನು ಬಿಡುವುದು. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಶುರುವಾಯಿತು. ಹಲಗೆಯ ಕೆಳಗೆ ಕುಳಿತು ಟೆಲಿಫೋನ್ ರಿಲೇಗಳಿಂದ ಹಳಿಗಳ ವೈರಿಂಗ್ ಮಾಡುತ್ತಿದ್ದ ಅಲ್ಲಿನ ಹುಡುಗರೇ ಮುಂದೆ ಕಂಪ್ಯೂಟರ್‌ಗಳ ಕಡೆ ಹೊರಳಿ, 1962ರಲ್ಲಿ ಸ್ಪೇಸ್‌ವಾರ್ ಎಂಬ ಕಂಪ್ಯೂಟರ್ ಆಟವನ್ನು ರೂಪಿಸಿದರು. ನಮ್ಮ ಹತ್ತಿರದಲ್ಲೇ, ಪುಣೆಯ ಕೋಥ್ರೂಡ್‌ನಲ್ಲಿ, ಜೋಶಿಯವರ ಕಿರು ರೈಲ್ವೆ ಸಂಗ್ರಹಾಲಯ 1998ರಿಂದ ಜನರಿಗೆ ತೆರೆದಿದೆ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮನೆಯವರನ್ನೂ ಮಗನನ್ನೂ ಕರೆದುಕೊಂಡು ಹೋಗಿ ಬನ್ನಿ. ಒಬ್ಬ ಮನುಷ್ಯ ಬದುಕಿಡೀ ಈ ಕೆಲಸಕ್ಕೆ ಮನಸ್ಸು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಲಿ.

ಆದರೆ ನಿಮ್ಮ ಮನೆಯವರು ಕೇಳಿದ 'ಇನ್ನೆಷ್ಟು' ಎಂಬ ಪ್ರಶ್ನೆ ವಯಸ್ಸಿನ ಬಗ್ಗೆ ಇಲ್ಲ, ಅಲ್ಮಾರಿಯ ಬಗ್ಗೆ ಇದೆ. ಆ ಪ್ರಶ್ನೆ ನ್ಯಾಯವಾದದ್ದು. ನೀವು ಬರೆದ ಪಟ್ಟಿಯಲ್ಲಿರುವುದೆಲ್ಲ ಕೊಂಡ ವಸ್ತುಗಳು. ಮಾಡಿ ಮುಗಿಸಿದ್ದು ಒಂದೂ ಇಲ್ಲ. ಕೊಳ್ಳುವಾಗಿನ ಸಂತೋಷ ಪಾರ್ಸೆಲ್ ಒಡೆದ ಸಂಜೆಗೆ ಮುಗಿಯುತ್ತದೆ, ಆಮೇಲೆ ಮನಸ್ಸು ಮುಂದಿನ ಪಾರ್ಸೆಲ್ ಕಡೆ ಹೋಗುತ್ತದೆ. ಮಾದರಿ ರೈಲನ್ನೂ ಹಾಗೆಯೇ ಶುರು ಮಾಡಿದರೆ ಸ್ಟಾರ್ಟರ್ ಸೆಟ್ ಬರುತ್ತದೆ, ನೆಲದ ಮೇಲೆ ಮೊಟ್ಟೆಯಾಕಾರದ ಹಳಿ ಜೋಡಿಸುತ್ತೀರಿ, ಇಂಜಿನ್ ಸುತ್ತುತ್ತದೆ, ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ, ಎರಡು ವಾರದಲ್ಲಿ ಅದೂ ಡ್ರೋನ್ ಪಕ್ಕಕ್ಕೆ ಹೋಗುತ್ತದೆ. ಈ ಹವ್ಯಾಸದ ತಿರುಳು ನೋಡುವುದರಲ್ಲಿದೆ. ಒಂದು ವಸ್ತುವನ್ನು ಎಂಬತ್ತೇಳನೆಯ ಒಂದು ಪಾಲಿಗೆ ಇಳಿಸಬೇಕಾದರೆ ಅದನ್ನು ಮೊದಲು ಪೂರ್ತಿಯಾಗಿ ತಿಳಿದುಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ಬೆಳೆದ ಫಿಟ್ಟರ್ ಮಗನಿಗೆ ನೋಡಲು ಸಿಗುವಷ್ಟು ರೈಲು ಈ ರಾಜ್ಯದಲ್ಲಿ ಬಹಳ ಕಡೆ ಸಿಗುವುದಿಲ್ಲ. ಆದ್ದರಿಂದ ನನ್ನ ಸಲಹೆ: ಇಂಜಿನ್ ಕೊಳ್ಳುವ ಮೊದಲು ಒಂದು ವ್ಯಾಗನ್ನನ್ನು ಕೈಯಾರೆ ಮಾಡಿ ಮುಗಿಸಿ. ಅದು ಮುಗಿಯದಿದ್ದರೆ ಉಳಿದದ್ದನ್ನು ಕೊಳ್ಳಲೇಬೇಡಿ.

ಹುಬ್ಬಳ್ಳಿ ಜಂಕ್ಷನ್ ಏಕೆ ಬೇಡ ಎನ್ನುತ್ತೇನೆ ಎಂಬುದಕ್ಕೆ ಲೆಕ್ಕ ಕೊಡುತ್ತೇನೆ. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ, ಅಂದರೆ 1:87. ಈಗ ಸಿದ್ಧಾರೂಢ ಸ್ವಾಮೀಜಿ ಹೆಸರಿನಲ್ಲಿರುವ ನಮ್ಮ ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಗಿನ್ನೆಸ್ ದಾಖಲೆ ಸೇರಿದ್ದು. ಎಂಬತ್ತೇಳರಿಂದ ಭಾಗಿಸಿದರೆ ಮಾದರಿಯಲ್ಲೂ ಅದು 17 ಮೀಟರ್ ದಾಟುತ್ತದೆ. ಇನ್ನೂ ಚಿಕ್ಕದಾದ ಎನ್ ಅಳತೆಗೆ, ಅಂದರೆ 1:160ಕ್ಕೆ ಇಳಿದರೂ ಒಂಬತ್ತೂವರೆ ಮೀಟರ್ ಹತ್ತಿರ ಬೇಕು. ಇದು ಒಂದು ಪ್ಲಾಟ್‌ಫಾರ್ಮ್‌ನ ಲೆಕ್ಕ ಮಾತ್ರ. ಉಳಿದ ಪ್ಲಾಟ್‌ಫಾರ್ಮ್‌ಗಳು, ಯಾರ್ಡ್, ಡೀಸೆಲ್ ಶೆಡ್, ವರ್ಕ್‌ಶಾಪ್ ಎಲ್ಲ ಸೇರಿದರೆ ಕಲ್ಯಾಣ ಮಂಟಪವೇ ಬೇಕಾದೀತು. ಉದ್ದವನ್ನು ಮೊಟಕುಗೊಳಿಸಿ ಮಾಡುವ ಪದ್ಧತಿ ಇದೆ, ಎಲ್ಲ ಮಾದರಿಕಾರರೂ ಅದನ್ನು ಅನುಸರಿಸುತ್ತಾರೆ. ಆದರೆ ಹುಬ್ಬಳ್ಳಿ ನಿಲ್ದಾಣದ ಗುರುತೇ ಅದರ ಉದ್ದವಾದ್ದರಿಂದ, ಮೊಟಕು ಮಾಡಿದ ಮೇಲೆ ಉಳಿಯುವುದು ಯಾವುದೋ ಒಂದು ನಿಲ್ದಾಣ. ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಶುರುವಾದ ಮಿನಿಯೇಚರ್ ವಂಡರ್‌ಲ್ಯಾಂಡ್‌ನಂಥವರಿಗೆ ಇದು ಸಾಧ್ಯ. ಅವರಿಗೆ ಹಳೆಯ ಗೋದಾಮುಗಳ ಮಹಡಿಗಳೇ ಇವೆ, ಸಂಬಳದ ಕೆಲಸಗಾರರಿದ್ದಾರೆ. ನಿಮಗಿರುವುದು ವಿದ್ಯಾನಗರದ ಮನೆಯ ಒಂದು ಗೋಡೆ.

ಅಳತೆಯಲ್ಲಿ ಎಚ್‌ಒ ಆರಿಸಿಕೊಳ್ಳಿ. ಎನ್ ಅಳತೆ ಜಾಗ ಉಳಿಸುತ್ತದೆ ನಿಜ, ಆದರೆ ನಲವತ್ತಾರರ ಕಣ್ಣಿಗೂ ಕೈಗೂ ಅದು ಬೇಗ ಆಯಾಸ ತರುತ್ತದೆ; ಕೈಯಿಂದ ಮಾಡುವ ಕೆಲಸಕ್ಕೆ ಎಚ್‌ಒ ಹಿತ. ಇಲ್ಲಿ ಒಂದು ತೊಡಕನ್ನು ಮೊದಲೇ ತಿಳಿದುಕೊಂಡಿರಬೇಕು. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದು ಯುರೋಪ್, ಅಮೆರಿಕಗಳ 1,435 ಮಿಲಿಮೀಟರ್ ಗೇಜಿಗೆ ಸರಿಹೊಂದುವಂಥದ್ದು. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.26 ಬರುತ್ತದೆ. ಅಂದರೆ ಅಂಗಡಿಯ ಹಳಿಯ ಮೇಲೆ ಭಾರತದ ವ್ಯಾಗನ್ ನಿಲ್ಲಿಸಿದರೆ ಅದರ ಎರಡು ಬದಿಯ ಗಾಲಿಗಳ ನಡುವಿನ ಅಂತರ ಒಟ್ಟು ಸುಮಾರು ಮೂರು ಮಿಲಿಮೀಟರ್ ಕಡಿಮೆ ಇರುತ್ತದೆ. ಮುಂದಿನಿಂದ ನೋಡಿದರೆ ಕಾಣುತ್ತದೆ, ಪಕ್ಕದಿಂದ ನೋಡಿದರೆ ತಿಳಿಯುವುದಿಲ್ಲ. ಕೆಲವರು ಹಟ ಹಿಡಿದು ಹಳಿಯನ್ನೂ ಕೈಯಿಂದಲೇ ಸರಿಯಾದ ಅಂತರಕ್ಕೆ ಬೆಸೆಯುತ್ತಾರೆ, ಗಾಲಿಗಳ ಅಚ್ಚನ್ನೂ ಬದಲಿಸುತ್ತಾರೆ. ಅವರ ಬಗ್ಗೆ ನನಗೆ ಬಹಳ ಗೌರವ. ಆದರೆ ಹೊಸಬರು ಆ ದಾರಿ ಹಿಡಿದರೆ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ, ಬೆಸೆಯುವುದರಲ್ಲೇ ಉತ್ಸಾಹ ಬತ್ತುತ್ತದೆ. ನೀವು 16.5 ಮಿಲಿಮೀಟರ್ ಹಳಿಯನ್ನೇ ಒಪ್ಪಿಕೊಳ್ಳಿ; ಹಲಗೆಯನ್ನು ಗೋಡೆಗೆ ತಾಗಿಸಿ, ಪಕ್ಕದಿಂದ ನೋಡುವ ಹಾಗೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಕಟ್ಟಿ.

ತಂದೆಯವರ ಕಾಲದ ರೈಲನ್ನು ಮಾಡಬೇಕೆಂಬ ಆಸೆಯೂ ನಿಮ್ಮ ಪತ್ರದಲ್ಲಿ ಅಡಗಿದೆ ಎಂದು ನನಗೆ ಅನಿಸಿತು. ಸದರ್ನ್ ಮರಾಠಾ ರೈಲ್ವೆ 1885ರಲ್ಲಿ ಕಟ್ಟಿದ ಆ ವರ್ಕ್‌ಶಾಪ್ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೀಟರ್ ಗೇಜಿನದೇ ಆಗಿತ್ತು. ತಂದೆಯವರ ಕೈಗೆ ಬಂದದ್ದರಲ್ಲಿ ಹೆಚ್ಚಿನದು ಮೀಟರ್ ಗೇಜ್ ಸಾಮಾನೇ ಇರಬೇಕು. ಎಚ್‌ಒ ಅಳತೆಯಲ್ಲಿ ಮೀಟರ್ ಗೇಜಿಗೆ 12 ಮಿಲಿಮೀಟರ್ ಹಳಿ ಸಿಗುತ್ತದೆ, ಸ್ವಿಟ್ಜರ್ಲೆಂಡಿನ ಗುಡ್ಡಗಾಡು ರೈಲುಗಳ ಮಾದರಿಗಾಗಿ ತಯಾರಾಗುವಂಥದ್ದು. ವೈಪಿ, ವೈಜಿ ಎಂಬ ಮೀಟರ್ ಗೇಜ್ ಉಗಿ ಇಂಜಿನ್‌ಗಳನ್ನು ಮಾತ್ರ ನೀವೇ ಮಾಡಿಕೊಳ್ಳಬೇಕು. ಅದು ಎರಡನೆಯ ಕೆಲಸವಾಗಲಿ. ಅಲ್ಲಿಯವರೆಗೆ ಗದಗ ರಸ್ತೆಯ ರೈಲು ಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನೋಟ್‌ಬುಕ್ ಹಿಡಿದುಕೊಂಡು ಹೋಗಿ. ಮನೆಯಲ್ಲಿ ತಂದೆಯವರ ವರ್ನಿಯರ್ ಕ್ಯಾಲಿಪರ್, ಅರ, ಮೂಲೆಮಟ್ಟ ಉಳಿದಿದ್ದರೆ ಎಣ್ಣೆ ಹಚ್ಚಿ ಒರೆಸಿ ತೆಗೆದಿಡಿ; ಈ ಕೆಲಸಕ್ಕೆ ಬೇಕಾದ ಉಪಕರಣಗಳಲ್ಲಿ ಅರ್ಧ ಅಲ್ಲೇ ಬಂದವು.

ಹಾಗಾದರೆ ಏನು ಕಟ್ಟಬೇಕು? ಆರು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ. ಅದರ ಮೇಲೆ ಹುಬ್ಬಳ್ಳಿ ಮತ್ತು ಗದಗದ ನಡುವೆ, ಅಣ್ಣಿಗೇರಿಯ ಆಸುಪಾಸಿನಲ್ಲಿ ಇರಬಹುದಾದ ಒಂದು ಕಾಲ್ಪನಿಕ ಊರಿನ ಗೂಡ್ಸ್ ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ. ಹೆಸರನ್ನು ನೀವೇ ಇಡಿ. ಇದಕ್ಕೆ ಒಂದು ಹಳೆಯ, ಸೊಗಸಾದ ವಿನ್ಯಾಸವಿದೆ. ಅಲನ್ ರೈಟ್ ಎಂಬ ಬ್ರಿಟಿಷ್ ಹವ್ಯಾಸಿ ರೂಪಿಸಿದ್ದು, ಇಂಗಲ್‌ನುಕ್ ಎಂದು ಕರೆಯುತ್ತಾರೆ. ಬೇಕಾದದ್ದು ಎರಡೇ ಪಾಯಿಂಟ್, ಮೂರು ಸೈಡಿಂಗ್. ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಇಂಜಿನ್ ಹಿಂದೆ ಮುಂದೆ ಆಡುವ ಹಳಿಯಲ್ಲಿ ಇಂಜಿನ್ ಜೊತೆ ಮೂರು ವ್ಯಾಗನ್‌ಗೆ ಮಾತ್ರ ಜಾಗ. ಒಟ್ಟು ಎಂಟು ವ್ಯಾಗನ್. ಎಂಟರ ಹೆಸರಿನಲ್ಲಿ ಚೀಟಿ ಬರೆದು, ಐದನ್ನು ಎತ್ತಿ, ಎತ್ತಿದ ಅನುಕ್ರಮದಲ್ಲೇ ಆ ಐದು ವ್ಯಾಗನ್‌ಗಳನ್ನು ಉದ್ದನೆಯ ಸೈಡಿಂಗ್‌ನಲ್ಲಿ ಸಾಲಾಗಿ ನಿಲ್ಲಿಸಬೇಕು. ಕೈಯಿಂದ ಎತ್ತುವ ಹಾಗಿಲ್ಲ, ಇಂಜಿನ್ನಿನಿಂದಲೇ ಎಳೆದು ತಳ್ಳಿ ಮಾಡಬೇಕು. ಚೀಟಿಗಳಿಂದ ಬರಬಹುದಾದ ಜೋಡಣೆಗಳು 8×7×6×5×4, ಅಂದರೆ 6,720. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ ಸಾಗುತ್ತದೆ. ಯಾರ್ಡ್‌ನಲ್ಲಿ ಶಂಟಿಂಗ್ ಮಾಡುವವರ ತಲೆನೋವೂ ಅವರ ಜಾಣ್ಮೆಯೂ ಈ ಆರಡಿಯಲ್ಲಿ ಅರ್ಥವಾಗುತ್ತವೆ. ಮೊಟ್ಟೆಯಾಕಾರದ ಹಳಿಯಲ್ಲಿ ಸುತ್ತುವ ರೈಲನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಲಾಗುವುದಿಲ್ಲ. ಇದನ್ನು ಆಡುತ್ತ ಕುಳಿತರೆ ಊಟದ ಹೊತ್ತು ಮೀರುತ್ತದೆ.

ಓಡಿಸುವಾಗ ವೇಗದ ಕಡೆ ಗಮನವಿರಲಿ. ಶಂಟಿಂಗ್‌ಗೆ ನಮ್ಮಲ್ಲಿ ಗಂಟೆಗೆ 15 ಕಿಲೋಮೀಟರ್ ಮಿತಿ. ಎಚ್‌ಒ ಅಳತೆಯಲ್ಲಿ ಅದು ಸೆಕೆಂಡಿಗೆ ಐದು ಸೆಂಟಿಮೀಟರ್ ಕೂಡ ಆಗುವುದಿಲ್ಲ. ಒಂದು ಮೀಟರ್ ದಾಟಲು ಇಂಜಿನ್ ಇಪ್ಪತ್ತು ಸೆಕೆಂಡ್ ತೆಗೆದುಕೊಳ್ಳಬೇಕು. ಮೊದಲ ಇಂಜಿನ್ ಕೊಳ್ಳುವಾಗ ಬಣ್ಣಕ್ಕಿಂತ ಹೆಚ್ಚಾಗಿ ಇದನ್ನೇ ಪರೀಕ್ಷಿಸಿ: ಎಷ್ಟು ನಿಧಾನವಾಗಿ, ಕುಕ್ಕದೆ, ನಿಲ್ಲದೆ ಹೋಗುತ್ತದೆ ಎಂದು.

ಇನ್ನು ವ್ಯಾಗನ್. ನನಗೆ ಬಹಳ ಪ್ರಿಯವಾದ ವಿಷಯ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ ನಿಮಗೆ ಗೊತ್ತು. ಹೊಸಪೇಟೆ ಕಡೆಯಿಂದ ಗದಗ, ಹುಬ್ಬಳ್ಳಿ, ಲೋಂಡಾ ಮೂಲಕ ಗೋವೆಗೆ ಹೋಗುವ ಗೂಡ್ಸ್ ಗಾಡಿಗಳಲ್ಲಿ ಅದೇ. ವ್ಯಾಗನ್ ಜೋಡಿಸುವ ಕೊಂಡಿಯಿಂದ (ಕಪ್ಲಿಂಗ್) ಕೊಂಡಿಗೆ 10.7 ಮೀಟರ್, ಮಾದರಿಯಲ್ಲಿ ಹನ್ನೆರಡೂಕಾಲು ಸೆಂಟಿಮೀಟರ್. ನೇರ ಗೆರೆಗಳ ಪೆಟ್ಟಿಗೆಯಾದ್ದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ದಪ್ಪ ಮದುವೆ ಪತ್ರಿಕೆಯ ಕಾಗದದಲ್ಲಿ ಮೊದಲ ಪೆಟ್ಟಿಗೆ ಮಾಡಿ ಕೈ ಕೂರಿಸಿಕೊಳ್ಳಿ, ಎರಡನೆಯದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿ. ಪಕ್ಕದ ಉಬ್ಬುಪಟ್ಟಿಗಳ ಸಂಖ್ಯೆಯನ್ನೂ ಅಂತರವನ್ನೂ ನಿಜವಾದ ವ್ಯಾಗನ್ ನೋಡಿಯೇ ಹಾಕಬೇಕು, ಅಂದಾಜಿನಿಂದ ಅಲ್ಲ. ನಿಜವಾದ ಗಾಲಿಯ ವ್ಯಾಸ ಒಂದು ಮೀಟರ್, ಆದ್ದರಿಂದ ಮಾದರಿಗೆ 11 ಮಿಲಿಮೀಟರ್ ಗಾಲಿ ಹೊಂದುತ್ತದೆ. ನಮ್ಮ ಗೂಡ್ಸ್ ವ್ಯಾಗನ್‌ಗಳಲ್ಲಿರುವುದು ಬೆರಳು ಮಡಿಚಿ ಹಿಡಿದಂಥ ಸೆಂಟರ್ ಬಫರ್ ಕಪ್ಲರ್. ಅಮೆರಿಕದ ಮಾದರಿಗಳಿಗೆ ಸಿಗುವ 'ನಕಲ್' (ಬೆರಳ ಗೆಣ್ಣು) ಕಪ್ಲರ್ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ತೂಕವನ್ನು ಮರೆಯಬೇಡಿ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಹೇಳುವ ಲೆಕ್ಕದ ಪ್ರಕಾರ ಎಚ್‌ಒ ವ್ಯಾಗನ್‌ಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಿಮ್ಮ ಬಾಕ್ಸ್‌ಎನ್ ನೂರು ಗ್ರಾಂ ಹತ್ತಿರ ಬರಬೇಕು. ಹಗುರವಾದ ವ್ಯಾಗನ್ ತಳ್ಳುವಾಗ ಪಾಯಿಂಟ್ ಮೇಲೆ ಹಳಿ ತಪ್ಪುತ್ತದೆ.

ಪೆಟ್ಟಿಗೆ ಮುಗಿಯಿತು, ಒಳಗೆ ಏನು ತುಂಬುತ್ತೀರಿ? ಹೆಚ್ಚಿನವರು ಅಂಚಿನವರೆಗೆ ಕೆಂಪು ಅದಿರು ತುಂಬುತ್ತಾರೆ. ಮೇಲ್ಸೇತುವೆಯ ಮೇಲೆ ನಿಂತು ಅದಿರಿನ ಗಾಡಿಯನ್ನು ನೋಡಿ: ಪ್ರತಿ ವ್ಯಾಗನ್‌ನಲ್ಲೂ ಅದಿರು ಅರ್ಧಕ್ಕಿಂತ ಕೆಳಗೇ ನಿಂತಿರುತ್ತದೆ. ಕದ್ದದ್ದಲ್ಲ, ಕಡಿಮೆ ತುಂಬಿದ್ದೂ ಅಲ್ಲ. ಆ ಪೆಟ್ಟಿಗೆಯ ಗಾತ್ರ ಸುಮಾರು 56 ಘನ ಮೀಟರ್, ಅದು ಹೊರಬಹುದಾದ ಸರಕು ಸುಮಾರು 58 ಟನ್. ಅದಿರು ಭಾರ, ಪೆಟ್ಟಿಗೆ ತುಂಬುವ ಎಷ್ಟೋ ಮೊದಲೇ ತೂಕ ತುಂಬುತ್ತದೆ. ಅದೇ ವ್ಯಾಗನ್ ಗೋವೆಯ ಬಂದರಿನಿಂದ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತು ಬರುವಾಗ ಅಂಚಿನವರೆಗೆ ತುಂಬಿರುತ್ತದೆ. ನಿಮ್ಮ ಸೈಡಿಂಗ್‌ನಲ್ಲಿ ಒಂದು ಅದಿರಿನ ವ್ಯಾಗನ್, ಪಕ್ಕದಲ್ಲಿ ಒಂದು ಕಲ್ಲಿದ್ದಲಿನ ವ್ಯಾಗನ್ ನಿಲ್ಲಿಸಿ, ಒಂದರಲ್ಲಿ ಸರಕು ತಳದಿಂದ ಒಂದು ಸೆಂಟಿಮೀಟರ್ ಕೂಡ ಏರದೆ, ಇನ್ನೊಂದರಲ್ಲಿ ತುಂಬಿಕೊಂಡು. ರೈಲ್ವೆಯಲ್ಲಿ ಕೆಲಸ ಮಾಡಿದ ಯಾರಾದರೂ ಮನೆಗೆ ಬಂದರೆ ಅವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಈ ಮನುಷ್ಯ ರೈಲು ನೋಡಿದ್ದಾನೆ ಎಂದು ಅವರಿಗೆ ಗೊತ್ತಾಗುತ್ತದೆ. ಜಗತ್ತಿನ ಯಾವ ದುಬಾರಿ ಸೆಟ್ಟಿನಲ್ಲೂ ಇದು ಬರುವುದಿಲ್ಲ.

ಅಳತೆ ತೆಗೆದುಕೊಳ್ಳಲು ಹಳಿಗೆ ಇಳಿಯುವ ಹಾಗಿಲ್ಲ. ರೈಲ್ವೆ ಕಾಯ್ದೆಯ 147ನೆಯ ಕಲಂ ಪ್ರಕಾರ ಅದು ಅಪರಾಧ, ಪ್ರಾಣಕ್ಕೂ ಅಪಾಯ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಹಳಿಗಳ ಕೆಳಗೆ ಅಡ್ಡಡ್ಡ ಹಾಕಿದ ಸ್ಲೀಪರ್‌ಗಳನ್ನು ಎಣಿಸಿ. ಮುಖ್ಯ ಮಾರ್ಗಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 1,660 ಕಾಂಕ್ರೀಟ್ ಸ್ಲೀಪರ್ ಹಾಕುತ್ತಾರೆ, ಅಂದರೆ ಒಂದರಿಂದ ಇನ್ನೊಂದಕ್ಕೆ 60 ಸೆಂಟಿಮೀಟರ್. ಸ್ಲೀಪರ್ ಒಂದರ ಉದ್ದ 2.75 ಮೀಟರ್. ಇವೆರಡು ಸಂಖ್ಯೆ ತಲೆಯಲ್ಲಿದ್ದರೆ ಗೂಡ್ಸ್ ಶೆಡ್‌ನ ಉದ್ದ, ಸಿಗ್ನಲ್ ಕಂಬದ ದೂರ, ಹಳಿಗಳ ನಡುವಿನ ಜಾಗ ಎಲ್ಲವನ್ನೂ ನಿಂತಲ್ಲಿಂದಲೇ ಅಂದಾಜಿಸಬಹುದು.

ನಿಮ್ಮ 3ಡಿ ಪ್ರಿಂಟರ್ ಈಗ ಉಪಯೋಗಕ್ಕೆ ಬಂತು; ಅದನ್ನು ಮಾತ್ರ ಮಾರಬೇಡಿ. ಗಾಲಿಗಳನ್ನು ಹಿಡಿದಿಡುವ ಚೌಕಟ್ಟು, ಶೆಡ್‌ನ ಕಂಬ, ನೀರಿನ ಟ್ಯಾಂಕ್ ಇಂಥವಕ್ಕೆ ಅದು ಒಳ್ಳೆಯದು. ಆದರೆ ಮನೆಬಳಕೆಯ ಪ್ರಿಂಟರ್‌ಗಳ ನಾಜಲ್, ಅಂದರೆ ಪ್ಲಾಸ್ಟಿಕ್ ಹೊರಬರುವ ತೂತು, ಸಾಮಾನ್ಯವಾಗಿ 0.4 ಮಿಲಿಮೀಟರ್. ನಿಜದ ಅಳತೆಗೆ ತಂದರೆ ಅದು ಮೂರೂವರೆ ಸೆಂಟಿಮೀಟರ್ ದಪ್ಪ. ಹಳೆಯ ಪ್ರಯಾಣಿಕರ ಬೋಗಿಗಳ ಕಿಟಕಿಯ ಸರಳನ್ನು ಅದರಲ್ಲಿ ಎಳೆದರೆ ಜೈಲಿನ ಕಿಟಕಿಯಾಗುತ್ತದೆ. ಅದಕ್ಕೆ ಫ್ಯಾನ್ ವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ ತೆಳು ತಾಮ್ರದ ತಂತಿ ಕೇಳಿ. 38ನೆಯ ಗೇಜಿನ ತಂತಿ 0.15 ಮಿಲಿಮೀಟರ್, 36 ಇದ್ದರೂ ನಡೆಯುತ್ತದೆ. ಎರಡು ತುದಿಗಳನ್ನು ಇಕ್ಕಳದಲ್ಲಿ ಹಿಡಿದು ಸ್ವಲ್ಪ ಜಗ್ಗಿದರೆ ತಂತಿ ಬಾಣದಂತೆ ನೆಟ್ಟಗಾಗುತ್ತದೆ.

ನೆಲದ ವಿಷಯದಲ್ಲಿ ಹೊರಗಿನ ಪಾಕೀಟುಗಳಿಗೆ ದುಡ್ಡು ಹಾಕಬೇಡಿ. ಅವುಗಳ ಹಸಿರು ಜರ್ಮನಿಯ ಹುಲ್ಲುಗಾವಲಿನದು. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ದಾರಿಯಲ್ಲಿ ಕಾಣುವುದು ಎರೆ ಭೂಮಿ, ಹತ್ತಿ, ಕಡಲೆ, ಬಿಳಿಜೋಳ, ಹಳಿಯಂಚಿನ ಬಳ್ಳಾರಿ ಜಾಲಿ. ಎರೆ ಮಣ್ಣನ್ನೇ ತಂದು ಹಾಕುತ್ತೇನೆ ಎಂದರೆ ಒಂದು ಎಚ್ಚರಿಕೆ: ಅದು ನೀರು ಕುಡಿದಾಗ ಹಿಗ್ಗಿ, ಆರಿದಾಗ ಕುಗ್ಗುವ ಮಣ್ಣು. ನೀರು ಬೆರೆಸಿದ ಅಂಟಿನ ಮೇಲೆ ದಪ್ಪಗೆ ಹಾಕಿದರೆ ಹಲಗೆಯ ಮೇಲೂ ಬಿರುಕು ಬಿಡುತ್ತದೆ, ಆ ಅಳತೆಯಲ್ಲಿ ಆ ಬಿರುಕು ಹಳ್ಳದಷ್ಟು ಅಗಲವಾಗಿ ಕಾಣುತ್ತದೆ. ಆದ್ದರಿಂದ ಮೊದಲು ಹಲಗೆಗೆ ಬೂದುಗಪ್ಪು ಬಣ್ಣ ಬಳಿಯಿರಿ. ಮಣ್ಣನ್ನು ಬಾಣಲೆಯಲ್ಲಿ ಹುರಿದು, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ. ಅದರ ಮೇಲೆ ಅಯಸ್ಕಾಂತ ಆಡಿಸಿ ಕಬ್ಬಿಣದ ಕಣಗಳನ್ನು ತೆಗೆದುಬಿಡಿ, ಇಲ್ಲವಾದರೆ ಅವು ಇಂಜಿನ್ನಿನ ಮೋಟಾರಿಗೆ ಸೇರಿಕೊಳ್ಳುತ್ತವೆ. ಆಮೇಲೆ ಅಂಟಿನ ಮೇಲೆ ಧೂಳಿನಂತೆ ತೆಳುವಾಗಿ ಉದುರಿಸಿದರೆ ಸಾಕು. ಅಂಟು ಆರಿದ ಮೇಲೆ ಬಣ್ಣ ಸ್ವಲ್ಪ ಕಪ್ಪೇರುತ್ತದೆ. ಬೇಸಿಗೆಯ ಎರೆ ಹೊಲ ಕಪ್ಪಗಿರುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ನೋಡಿಕೊಂಡು ಮೇಲೊಂದು ಒಣ ಕುಂಚ ಆಡಿಸಿ. ಜಾಲಿಗೆ ಜಾಲಿಯದೇ ಒಣಗಿದ ತುದಿಕಡ್ಡಿಗಳು ಸಾಕು.

ದುಡ್ಡಿನ ವಿಷಯ. ಭಾರತೀಯ ಇಂಜಿನ್‌ಗಳ ಸಿದ್ಧ ಮಾದರಿಗಳು ವಿರಳ, ಹೊರಗಿನಿಂದ ತರಿಸುವುದು ದುಬಾರಿ. ಆಟಿಕೆಗಳ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. ಸುಂಕದ ಪಟ್ಟಿಯ 9503 ಎಂಬ ಒಂದೇ ಶೀರ್ಷಿಕೆಯಲ್ಲಿ ಮಕ್ಕಳ ಮೂರು ಗಾಲಿಯ ಸೈಕಲ್, ಗೊಂಬೆ, ದೊಡ್ಡವರ ಅಳತೆಯ ಮಾದರಿ ಎಲ್ಲ ಸೇರಿವೆ. ಅದರ ಮೇಲೆ ಜಿಎಸ್‌ಟಿ, ಸಾಗಣೆ ವೆಚ್ಚ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾದ ಮೇಲೆ ಪಾರ್ಸೆಲ್‌ಗಳ ತಪಾಸಣೆಯೂ ಬಿಗಿಯಾಗಿದೆ. ಆದ್ದರಿಂದ ಹೊರಗಿನಿಂದ ಬೇಕಾದದ್ದನ್ನು ಚಿಕ್ಕ ಪಟ್ಟಿಗೆ ಇಳಿಸಿ: ಎರಡು ಪಾಯಿಂಟ್, ಕೆಲವು ಉದ್ದ ಹಳಿ, ಗಾಲಿ, ಕಪ್ಲರ್, ಒಂದು ಇಂಜಿನ್. ಇಂಜಿನ್ನಿಗೆ ಒಂದು ಉಪಾಯವಿದೆ. ಹುಬ್ಬಳ್ಳಿ ಡೀಸೆಲ್ ಶೆಡ್‌ಗೆ 1999ರಲ್ಲಿ ಬಂದ ಡಬ್ಲ್ಯುಡಿಜಿ-4 ಎಂಬ ಗೂಡ್ಸ್ ಡೀಸೆಲ್ ಇಂಜಿನ್ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸ. ಅದೇ ಕಂಪನಿಯ ಆರು ಜೊತೆ ಗಾಲಿಗಳ ಇಂಜಿನ್‌ಗಳ ಎಚ್‌ಒ ಮಾದರಿಗಳು ಹಳೆಯವು, ಬಳಸಿದವು ಸಿಗುತ್ತಿರುತ್ತವೆ. ಅದರ ಗಾಲಿ ಮೋಟಾರು ಇಟ್ಟುಕೊಂಡು ಮೇಲಿನ ಹೊದಿಕೆಯನ್ನು ನೀವು ಮಾಡಬಹುದು. ಒಂದೇ ಇಂಜಿನ್ ಇರುವಾಗ ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆಗೆ ಖರ್ಚು ಮಾಡಬೇಡಿ, ಸಾಮಾನ್ಯ 12 ವೋಲ್ಟ್ ಡಿಸಿ ಸಾಕು. ಈ ಎಲ್ಲದಕ್ಕೂ ಬಂಡವಾಳ ನಿಮ್ಮ ಅಲ್ಮಾರಿಯಲ್ಲೇ ಇದೆ: ರಿಮೋಟ್ ಕಾರು, ಡ್ರೋನ್, ಬಿಚ್ಚದ ಕಿಟ್‌ಗಳನ್ನು ಮಾರಿ. ಡ್ರೋನನ್ನು ಹೇಗೂ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಸುತ್ತ ಮನಬಂದಂತೆ ಹಾರಿಸುವ ಹಾಗಿಲ್ಲ.

ಮನೆಯವರೊಂದಿಗೆ ಮಾತನಾಡುವಾಗ ಈ ಮಾರುವ ಪಟ್ಟಿಯನ್ನೇ ಮೊದಲು ಮುಂದಿಡಿ. ತಿಂಗಳಿಗೆ ಇಷ್ಟು ರೂಪಾಯಿ, ಈ ಗೋಡೆಯ ಆರಡಿ, ಅದರಾಚೆ ಇಲ್ಲ ಎಂದು ಇಬ್ಬರೂ ಒಪ್ಪಿ ಬರೆದಿಡಿ. ಇದನ್ನು ಹೇಳಲು ಕಾರಣವಿದೆ: ಈ ಹವ್ಯಾಸದಲ್ಲಿ ಜಗಳಕ್ಕೆ ಕಾರಣವಾಗುವುದು ಖರ್ಚಿಗಿಂತ ಹೆಚ್ಚಾಗಿ ಖರ್ಚನ್ನು ಮುಚ್ಚಿಡುವುದು, ಊಟದ ಮೇಜಿನ ಮೇಲೆ ಅಂಟು ಬಣ್ಣ ಬಿಟ್ಟು ಏಳುವುದು. ಮಗನನ್ನು ಬಲವಂತವಾಗಿ ಕರೆಯಬೇಡಿ. ಅವನಿಗೆ ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್, ಪ್ರೋಗ್ರಾಮಿಂಗ್ ಕಡೆ ಒಲವಿದ್ದರೆ ಒಂದು ಕೆಲಸ ವಹಿಸಿ: ಪಾಯಿಂಟ್ ಬದಲಾದಾಗ ತಾನಾಗಿ ಕೆಂಪು, ಹಳದಿ, ಜೋಡಿ ಹಳದಿ, ಹಸಿರು ಬದಲಾಗುವ ನಾಲ್ಕು ಸೂಚನೆಯ ಸಿಗ್ನಲ್. ಯಾವ ದಾರಿ ಬಿಟ್ಟಾಗ ಯಾವ ದೀಪ ಬೆಳಗಬಾರದು ಎಂಬ ತರ್ಕ ಹದಿನೇಳರ ಹುಡುಗನ ತಲೆಗೆ ಒಳ್ಳೆಯ ಮೇವು. ಅವನಿಗೆ ಆಸಕ್ತಿ ಇಲ್ಲದಿದ್ದರೆ ನಿಮ್ಮ ಪಾಡಿಗೆ ನೀವು ಮಾಡುತ್ತಿರಿ. ಅವನು ನಕ್ಕರೆ ನಗಲಿ.

ಕೊನೆಯದಾಗಿ ಹಲಗೆ ಮತ್ತು ಹಳಿ. ಹಲಗೆಗೆ 12 ಮಿಲಿಮೀಟರ್ ಪ್ಲೈವುಡ್ ಹಾಕಿ, ಎರಡೂ ಮುಖಕ್ಕೆ ಅಂಚುಗಳಿಗೂ ಬಣ್ಣ ಬಳಿಯಿರಿ, ಇಲ್ಲವಾದರೆ ಮಳೆಗಾಲದ ತೇವಕ್ಕೆ ಬಾಗುತ್ತದೆ. ಹಳಿ ನಿಕಲ್ ಸಿಲ್ವರ್‌ನದೇ ಇರಲಿ, ಹಿತ್ತಾಳೆಯದು ಬೇಗ ಕಪ್ಪಾಗಿ ಕರೆಂಟ್ ತಡೆಯುತ್ತದೆ. ಹಳಿಗಳ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಬಿಡಿ. ನಮ್ಮ ಬೇಸಿಗೆಯ ಧೂಳಿಗೆ ಪ್ರತಿ ಸಲ ಓಡಿಸುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ತೊಯ್ಯಿಸಿದ ಬಟ್ಟೆಯಿಂದ ಹಳಿ ಒರೆಸಬೇಕು. ಕಿಟಕಿ ತೆರೆದಿಟ್ಟು ಒರೆಸಿ, ಬೆಂಕಿಯಿಂದ ದೂರವಿಡಿ. ಆಟ ಮುಗಿದ ಮೇಲೆ ಹಳೆಯ ಹತ್ತಿ ಸೀರೆ ಹೊದಿಸಿಡಿ. ಪ್ಲಾಸ್ಟಿಕ್ ಹಾಳೆ ತೇವ ಹಿಡಿದಿಡುತ್ತದೆ. ಹಳಿ ಜೋಡಿಸುವ ಕೆಲಸವನ್ನು ಮಳೆಗಾಲ ಮುಗಿದು ಹಲಗೆ ಪೂರ್ತಿ ಒಣಗಿದ ಮೇಲೆ, ದೀಪಾವಳಿಯ ಹೊತ್ತಿಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಎಂಟು ವ್ಯಾಗನ್‌ಗಳನ್ನು ಮಾಡುತ್ತಿರಿ.